ಹೆಣೆದವಳು ಹೊದೆಯದ ಹೊದಿಕೆ

"ಗುರುಗಳೇ, ತಾನು ಮಾಡಿದ್ದನ್ನು ತಾನೇ ಅನುಭವಿಸುವುದು ಸ್ವಾರ್ಥವಲ್ಲವೇ?"

ಕೇಳಿದವನು ಕೊಟ್ರಯ್ಯ. ಮಠದ ಅಡುಗೆಮನೆ ಅವನ ಕೈಯಲ್ಲಿತ್ತು. ದಿನಕ್ಕೆ ಇನ್ನೂರು ಜನಕ್ಕೆ ಬೇಯಿಸಿ ಬಡಿಸುತ್ತಿದ್ದ. ಕಳೆದ ಅಮಾವಾಸ್ಯೆಯಿಂದ ಒಂದು ವ್ರತ ಹಿಡಿದಿದ್ದ. ತಾನು ಮಾಡಿದ ಅಡುಗೆಯನ್ನು ತಾನು ಬಾಯಿಗೆ ಹಾಕುವುದಿಲ್ಲ. ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು.

"ಹಿರಿಯರೆಲ್ಲ ಪಂಕ್ತಿಯಲ್ಲಿ ಕೂತು ಉಣ್ಣು ಅನ್ನುತ್ತಾರೆ. ನನಗಾಗಿ ಒಂದು ತುತ್ತೂ ಇಟ್ಟುಕೊಳ್ಳದೆ ಬಡಿಸುವ ಸುಖ ಅವರಿಗೇನು ಗೊತ್ತು? ಜನ ಈಗ ಎಷ್ಟು ಚೆನ್ನಾಗಿ ಉಣ್ಣುತ್ತಿದ್ದಾರೆಂದರೆ, ಉಪ್ಪಿನಕಾಯಿಯ ದೊಡ್ಡ ಭರಣಿ ವಾರದೊಳಗೆ ಖಾಲಿಯಾಯಿತು! ವ್ರತ ಮುಂದುವರಿಸಲೇ, ಬಿಡಲೇ, ನೀವೇ ಹೇಳಿ."

ಗುರುಗಳು ನಕ್ಕರು. ಕೂತುಕೋ ಅಂದರು. ಆಮೇಲೆ ಈ ಕತೆ ಹೇಳಿದರು.

ಚಳಿ ಹೆಚ್ಚಿರುವ ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಅವಳ ಕೈಯಲ್ಲಿ ಯಾವಾಗಲೂ ಒಂದು ಕ್ರೋಶಾ ಕಡ್ಡಿ. ಗೇಣುದ್ದದ ಕಡ್ಡಿ, ತುದಿಯಲ್ಲಿ ಪುಟ್ಟ ಕೊಕ್ಕೆ. ಆ ಕೊಕ್ಕೆಗೆ ಉಣ್ಣೆಯ ದಾರ ಸಿಕ್ಕಿಸಿ, ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆದು, ಎಳೆದದ್ದರೊಳಗಿಂದ ಮತ್ತೊಂದು ಎಳೆದು, ತಿಂಗಳೊಪ್ಪತ್ತಿನಲ್ಲಿ ಮೈತುಂಬ ಹೊದೆಯುವಷ್ಟು ಹೊದಿಕೆ ಹೆಣೆದುಬಿಡುತ್ತಿದ್ದಳು. ಅವಳಷ್ಟು ಚೆಂದ ಹೆಣೆಯುವವರು ಸುತ್ತಮುತ್ತ ಯಾರೂ ಇರಲಿಲ್ಲ. ಹೂವಿನ ಪಕ್ಕ ಹೂವು, ಹೂವಿನ ನಡುವೆ ಕಿಂಡಿ, ಕಿಂಡಿಯ ಸುತ್ತ ಮತ್ತೆ ಹೂವು. ನೋಡಿದವರು ಅಬ್ಬಾ ಅನ್ನುತ್ತಿದ್ದರು. ಅನ್ನಿಸಿಕೊಂಡು ಅವಳು ಹಿಗ್ಗುತ್ತಿದ್ದಳು. ಹಿಗ್ಗದೆ ಏನು ಮಾಡಿಯಾಳು!

ಗಂಡನಿಗೆ ಒಂದು ಹೆಣೆದಳು. ಇಬ್ಬರು ಗಂಡುಮಕ್ಕಳಿಗೆ ಎರಡು. ಮಗಳಿಗೆ ಒಂದು, ಅತ್ತೆಗೆ ಒಂದು. ತನಗೆ ಮಾತ್ರ ಇಲ್ಲ.

"ನನಗೇಕೆ? ನನಗೆ ಸೆರಗೇ ಸಾಕು" ಅನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ. ಮನೆಯವರೆಲ್ಲ ಪಡಸಾಲೆಯಲ್ಲಿ ಮಲಗಿದರೆ ಅವಳು ಮಲಗುವುದು ಅಡುಗೆಮನೆಯಲ್ಲಿ, ಒಲೆಯ ಪಕ್ಕ. ಬೂದಿಯೊಳಗಿನ ಕೆಂಡ ಬೆಳಗಿನ ತನಕ ಕಾವು ಕೊಡುತ್ತಿತ್ತು. ಬೆಳಿಗ್ಗೆ ಎದ್ದು ಒಲೆ ಹೊತ್ತಿಸಿ, ನೀರು ಕಾಯಲು ಇಟ್ಟು, ಪಡಸಾಲೆಗೆ ಬಂದು ನೋಡುವಳು. ಎಲ್ಲರ ಮೈಮೇಲೂ ತಾನು ಹೆಣೆದ ಹೂವುಗಳು. ಅದನ್ನು ನೋಡಿದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

ಹೀಗಿರುವಾಗ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಪುಷ್ಯ ಮಾಸದಲ್ಲಿ ದಿನ ತುಂಬುತ್ತಿತ್ತು. ಪುಷ್ಯವೆಂದರೆ ಆ ಊರಿನಲ್ಲಿ ಕೊಡದ ನೀರಿಗೆ ಕೈ ಅದ್ದಿದರೆ ಬೆರಳು ಮರಗಟ್ಟುವ ಕಾಲ. ಹಿಂದಿನ ವರ್ಷ ಅದೇ ತಿಂಗಳಲ್ಲಿ ನೆರೆಮನೆಯ ಹಸುಗೂಸು ಥಂಡಿ ಹತ್ತಿ ತೀರಿಕೊಂಡಿತ್ತು. ಗೃಹಿಣಿಗೆ ಅದೇ ಹೆದರಿಕೆ. ನನ್ನ ಮೊಮ್ಮಗುವಿಗೆ ಒಂದಿಷ್ಟೂ ಚಳಿ ತಾಕಬಾರದು ಅಂದುಕೊಂಡಳು. ಹಾಲುಬಣ್ಣದ ಮೆತ್ತನೆಯ ಉಣ್ಣೆ ತರಿಸಿದಳು. ಇದುವರೆಗೆ ಯಾರಿಗೂ ಹಾಕದ ಹೂವು ಇದಕ್ಕೆ ಹಾಕುತ್ತೇನೆ ಅಂದಳು.

ಕಡ್ಡಿಗೆ ಮೊದಲ ಕುಣಿಕೆ ಹಾಕುವ ಹೊತ್ತಿಗೆ ಅತ್ತೆ ಅವಳ ಕೈ ಹಿಡಿದಳು.

"ತಡೆಯೇ ತಾಯಿ. ಮಗುವಿನದು ಆಮೇಲೆ. ಮೊದಲು ನಿನಗೊಂದು ಹೆಣೆದುಕೋ."

"ನನಗಾ? ಈಗಲಾ? ಏನತ್ತೆ ನೀವು, ಇರುವುದು ಇನ್ನೆರಡು ತಿಂಗಳು!"

"ಹೆಣೆದು, ಒಂದು ರಾತ್ರಿ ಹೊದ್ದು ಮಲಗು. ಒಲೆಯ ಪಕ್ಕ ಅಲ್ಲ. ಪಡಸಾಲೆಯಲ್ಲಿ, ನನ್ನ ಪಕ್ಕ. ಆಮೇಲೆ ಮಗುವಿನದಕ್ಕೆ ಕಡ್ಡಿ ಹಾಕು. ಇದೊಂದು ಮಾತು ನಡೆಸಿಕೊಡು."

ಅತ್ತೆ ಎಂದೂ ಏನನ್ನೂ ಕೇಳಿದವಳಲ್ಲ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಆದರೆ ಒಳಗೊಳಗೇ ಸೊಸೆ ಕುದಿದಳು. ಮುದುಕಿಗೆ ಅರಳುಮರಳು, ಮೊಮ್ಮಗಳ ಕೂಸಿಗಿಂತ ನನ್ನ ಹೊದಿಕೆ ಹೆಚ್ಚಾಯಿತೇ ಅಂದುಕೊಂಡಳು. ಸಿಟ್ಟಿನಲ್ಲೇ ಹೆಣೆದಳು. ಸಿಟ್ಟಿನಲ್ಲಿ ಹೆಣೆದರೂ ಅದು ಅವಳದೇ ಕೈ, ಹೂವೂ ಅದೇ, ಕಿಂಡಿಯೂ ಅದೇ. ಒಂದು ತಿಂಗಳಿಗೆ ಮುಗಿಯಿತು.

ಅಂದು ಪಡಸಾಲೆಯಲ್ಲಿ ಅತ್ತೆಯ ಪಕ್ಕ ಹಾಸಿಕೊಂಡು, ತನ್ನ ಹೊದಿಕೆಯನ್ನು ತಾನು ಹೊದ್ದು ಮಲಗಿದಳು. ದಿನವಿಡೀ ದುಡಿದ ಮೈ, ಕಣ್ಣು ಮುಚ್ಚಿದ್ದೇ ನಿದ್ದೆ. ಆದರೆ ಬೆಳಗಿನ ಜಾವಕ್ಕೆ ಮುಂಚೆಯೇ ಎಚ್ಚರವಾಯಿತು. ಹಲ್ಲು ಕಟಕಟ ಅನ್ನುತ್ತಿತ್ತು. ಬಾಗಿಲ ಸಂದಿಯಿಂದ ಬಂದ ಗಾಳಿ ಒಂದೊಂದು ಕಿಂಡಿಯಲ್ಲೂ ನುಗ್ಗುತ್ತಿತ್ತು. ಕಾಲು ಒಳಗೆಳೆದುಕೊಳ್ಳೋಣ ಎಂದರೆ ಹೆಬ್ಬೆರಳು ಒಂದು ಹೂವಿನ ನಡುವೆ ಸಿಕ್ಕಿಕೊಂಡಿತ್ತು. ಅಯ್ಯೋ ಶಿವನೇ, ಇದೇನು ಹೊದಿಕೆಯೋ ಬಲೆಯೋ ಅಂದಳು.

ಎದ್ದು ಕೂತಳು. ದೀಪ ದೊಡ್ಡದು ಮಾಡಿ ಸುತ್ತ ನೋಡಿದಳು. ಗಂಡ, ಮಕ್ಕಳು, ತುಂಬು ಬಸುರಿ ಮಗಳು, ಅತ್ತೆ, ಎಲ್ಲರೂ ಹಳೆಯ ಕರಿಕಂಬಳಿ ಹೊದ್ದು ಬೆಚ್ಚಗೆ ಮಲಗಿದ್ದರು. ಅವಳು ಹೆಣೆದ ಐದೂ ಹೊದಿಕೆಗಳು ಅಂದವಾಗಿ ಮಡಿಸಿ ಅವರವರ ತಲೆದಿಂಬಿನ ಪಕ್ಕ ಇದ್ದವು.

ಅತ್ತೆಗೆ ಎಚ್ಚರವಿತ್ತು. ಅವಳೇ ಮೆಲ್ಲಗೆ ಅಂದಳು.

"ದಿನಾ ಹೀಗೇ ಕಣೇ. ಬೆಳಿಗ್ಗೆ ಅಡುಗೆಮನೆಯಲ್ಲಿ ನಿನ್ನ ಬಳೆ ಸದ್ದಾದರೆ ಸಾಕು, ಎಲ್ಲರೂ ಎದ್ದು ಕಂಬಳಿ ಕೆಳಗೆ ತಳ್ಳಿ ನಿನ್ನ ಹೊದಿಕೆ ಎಳೆದುಕೊಳ್ಳುತ್ತೇವೆ."

"ಇಷ್ಟು ವರ್ಷ ಒಬ್ಬರೂ ಹೇಳಲಿಲ್ಲವಲ್ಲ ಅತ್ತೆ!" ಅವಳ ಕಣ್ಣು ತುಂಬಿತ್ತು.

"ಹೇಗೆ ಹೇಳುವುದು? ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಹೆಣೆಯುತ್ತೀಯ. ನಾವು ದೊಡ್ಡವರು, ಕಂಬಳಿ ಎಳೆದುಕೊಂಡೆವು. ಹುಟ್ಟುವ ಕೂಸು ಎಳೆದುಕೊಂಡೀತೇ?"

ಅವಳು ಅತ್ತಳು. ನಾಚಿಕೆಗೆ ಸ್ವಲ್ಪ, ಸಿಟ್ಟಿಗೆ ಸ್ವಲ್ಪ. ಅವರಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ಹೊಳೆದಾಗ ಇನ್ನೂ ಜೋರಾಗಿ ಅಳು ಬಂತು. ಅಳು ಮುಗಿದ ಮೇಲೆ ಮೂಗು ಒರೆಸಿಕೊಂಡು ತನ್ನ ಹೊದಿಕೆಯ ಕೊನೆಯ ಗಂಟು ಬಿಚ್ಚಿದಳು. ಕ್ರೋಶಾ ಕೆಲಸ ನಿಂತಿರುವುದು ಆ ಒಂದು ಗಂಟಿನ ಮೇಲೆ. ಅದನ್ನು ಬಿಚ್ಚಿ ದಾರ ಎಳೆದರೆ ಎಲ್ಲ ಹಿಂದಕ್ಕೆ ಬರುತ್ತದೆ. ಒಂದು ತಿಂಗಳ ಹೆಣಿಗೆ ಬೆಳಕು ಹರಿಯುವಷ್ಟರಲ್ಲಿ ಒಂದು ಉಂಡೆ ದಾರವಾಯಿತು.

ಅದೇ ದಾರದಲ್ಲಿ ತನಗೇ ಮತ್ತೆ ಹೆಣೆದಳು. ಈ ಸಲ ಹೂವಿಲ್ಲ, ಕಿಂಡಿಯಿಲ್ಲ. ಕುಣಿಕೆಗೆ ಕುಣಿಕೆ ಒತ್ತಿ, ಮೊಣಕಾಲು ಮುಚ್ಚುವಷ್ಟು ತುಂಡು. ಅದನ್ನು ಹೊದ್ದು, ಚಳಿಯಲ್ಲಿ ಹೊರಗಿನ ಜಗುಲಿಯ ಮೇಲೆ ಕೂತಳು. ಗಾಳಿ ನುಗ್ಗಿದ ಕಡೆ ಬೆರಳಿಟ್ಟು ಗುರುತು ಮಾಡಿಕೊಂಡಳು. ಬಿಚ್ಚಿದಳು, ಇನ್ನೂ ಒತ್ತಾಗಿ ಹೆಣೆದಳು, ಮತ್ತೆ ಜಗುಲಿಗೆ ಹೋದಳು. ಬೀದಿಯವರು ಇವಳಿಗೇನಾಯಿತು ಅಂದರು. ಅಂದುಕೊಳ್ಳಲಿ ಬಿಡು ಅಂದಳು. ನಾಲ್ಕನೆಯ ಸಲ ಮೊಣಕಾಲಿಗೆ ಗಾಳಿ ತಾಕಲಿಲ್ಲ. ಅಂದೇ ಹಾಲುಬಣ್ಣದ ಉಣ್ಣೆಗೆ ಕಡ್ಡಿ ಹಾಕಿದಳು.

ಹೆರಿಗೆ ಪುಷ್ಯದಲ್ಲೇ ಆಯಿತು. ಹೆಣ್ಣುಕೂಸು. ಅದನ್ನು ಸುತ್ತಿದ ಹೊದಿಕೆಯನ್ನು ನೋಡಿ ಯಾರೂ ಅಬ್ಬಾ ಅನ್ನಲಿಲ್ಲ. ಅಜ್ಜಿ ಬೆಳಗಿನ ಜಾವ ಬಂದು ಒಳಗೆ ಕೈಹಾಕಿ ಕೂಸಿನ ಅಂಗಾಲು ಮುಟ್ಟಿ ನೋಡಿದಳು. ಆಗತಾನೆ ಇಳಿಸಿದ ರೊಟ್ಟಿಯ ಹಾಗೆ ಬೆಚ್ಚಗಿತ್ತು.

ಮುಂದೆ ಆ ಮನೆಯ ಹೊದಿಕೆಗಳನ್ನೆಲ್ಲ ಅವಳು ಬಿಚ್ಚಿ ಹೊಸದಾಗಿ ಹೆಣೆದಳು. ಯಾರಿಗೆ ಹೆಣೆದರೂ ಮೊದಲ ಮೂರು ರಾತ್ರಿ ಅದು ಅವಳ ಮೈಮೇಲೆ, ಪಡಸಾಲೆಯಲ್ಲಿ. ಆಮೇಲೆ ಅವರಿಗೆ. ಕರಿಕಂಬಳಿಗಳು ಅಟ್ಟ ಸೇರಿದವು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ ತಲೆದೂಗುತ್ತಿದ್ದ.

"ಒಳ್ಳೆಯ ಹೆಂಗಸು, ಪಾಪ. ಆದರೆ ಗುರುಗಳೇ, ಅವಳದು ಉಣ್ಣೆಯ ಮಾತು. ನನ್ನ ವ್ರತಕ್ಕೂ ಅದಕ್ಕೂ ಏನು ಸಂಬಂಧ?"

ಗುರುಗಳು ಎದ್ದು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಹೇಳಿದರು.

"ನೀನು ವ್ರತ ಹಿಡಿದ ದಿನದಿಂದ ಸಾರಿಗೆ ಉಪ್ಪು ಸಾಲುತ್ತಿಲ್ಲ, ಕೊಟ್ರಯ್ಯ."