ಕುಂಟುತ್ತಿದ್ದ ಕಬಡ್ಡಿ

ಹೊಳೆದಂಡೆಯ ಮರಳಿನಲ್ಲಿ ಒಂದು ಕಬಡ್ಡಿ ಅಂಕಣವಿತ್ತು. ಅಲ್ಲಿ ಆಟ ಕಲಿಸುತ್ತಿದ್ದವರು ಮಾಯಿಗಯ್ಯ ಮೇಷ್ಟ್ರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಕಣ್ಣಿದ್ದಾಗ ಇಪ್ಪತ್ತು ವರ್ಷ ಕಲಿಸಿದ್ದರು. ಕಣ್ಣು ಹೋದ ಮೇಲೆ ಇನ್ನೂ ಚೆನ್ನಾಗಿ ಕಲಿಸುತ್ತಾರೆ ಎಂದು ಶಿಷ್ಯರು ಹೇಳುತ್ತಿದ್ದರು. ಬೈಗುಳ ಮಾತ್ರ ಮೊದಲಿನಷ್ಟೇ ಇತ್ತು.

ಹೊಂಗೆಮರದ ಬುಡದಲ್ಲಿ ಕಲ್ಲಿನ ಮೇಲೆ ಕೂತು ಮೇಷ್ಟ್ರು ಆಟವನ್ನು ಕೇಳುತ್ತಿದ್ದರು. ದಾಳಿಗೆ ಹೋದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇರಬೇಕಲ್ಲ, ಆ ದನಿಯಲ್ಲೇ ಅವರಿಗೆ ಎಲ್ಲ ತಿಳಿಯುತ್ತಿತ್ತು. ಯಾವ ಕಾಲು ಮುಂದಿದೆ, ಯಾರಿಗೆ ಸುಸ್ತಾಗಿದೆ, ಬೆಳಿಗ್ಗೆ ಯಾರು ಎರಡು ಇಡ್ಲಿ ಜಾಸ್ತಿ ತಿಂದು ಬಂದಿದ್ದಾರೆ, ಎಲ್ಲವೂ.

ಲಿಖಿತ ಅವರ ಅಚ್ಚುಮೆಚ್ಚಿನ ಶಿಷ್ಯ. ಕಾಲೇಜು ತಂಡದಲ್ಲಿ ಮೊದಲ ದಾಳಿ ಅವನದೇ. ಹೋದ ವರ್ಷದ ಕೊನೆಯ ಪಂದ್ಯದಲ್ಲಿ ಮೂವರು ಒಟ್ಟಿಗೆ ಮೇಲೆ ಬಿದ್ದು ಅವನ ಬಲ ಮಂಡಿ ತಿರುಚಿ ಒಳಗಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು. ಎಂಟು ತಿಂಗಳು ಆಟವಿಲ್ಲ.

ಈಗ ಕಾಲು ಪೂರ್ತಿ ವಾಸಿಯಾಗಿದೆ, ಧೈರ್ಯವಾಗಿ ಆಡು, ಮಂಡಿಪಟ್ಟಿಯೂ ಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಲಿಖಿತ ಪಟ್ಟಿ ಬಿಚ್ಚಿರಲಿಲ್ಲ. ಸ್ನಾನಕ್ಕೆ ಮಾತ್ರ ಬಿಚ್ಚುತ್ತಿದ್ದ, ಅದೂ ಒಲ್ಲದ ಮನಸ್ಸಿನಿಂದ.

ಮುಂದಿನ ಸೋಮವಾರ ಹೊಸ ಸಾಲಿನ ಪಂದ್ಯಗಳು ಶುರು. ಅವನದು ಡಿಗ್ರಿಯ ಕೊನೆಯ ವರ್ಷ. ಈ ಸಲ ತಪ್ಪಿದರೆ ಕಾಲೇಜಿನ ಅಂಗಿ ತೊಟ್ಟು ಮತ್ತೆ ಆಡುವಂತಿಲ್ಲ. ಕಾಲೇಜಿನವರು ತೀರ್ಮಾನವನ್ನು ಮೇಷ್ಟ್ರಿಗೇ ಬಿಟ್ಟಿದ್ದರು. ಶನಿವಾರ ಒಂದು ದಾಳಿ ಮಾಡಿಸಿ ಅವರು ಹೂಂ ಎಂದರೆ ತಂಡಕ್ಕೆ ಲಿಖಿತ, ಇಲ್ಲವಾದರೆ ಅವನ ಗೆಳೆಯ ಬೀರೇಶ.

ಪಂದ್ಯಕ್ಕೆ ಒಂದು ವಾರ ಮೊದಲು, ಸೋಮವಾರ ಬೆಳಿಗ್ಗೆ, ಲಿಖಿತ ಅಂಕಣಕ್ಕಿಳಿದು ಒಂದು ದಾಳಿ ಮಾಡಿದ. ಮೇಷ್ಟ್ರು ಅರ್ಧಕ್ಕೇ ಕೈಯೆತ್ತಿ ನಿಲ್ಲಿಸಿದರು.

"ಕಾಲು ನೆಟ್ಟಗೈತೆ ಕಣಪ್ಪ," ಎಂದರು. "ಕುಂಟ್ತಿರೋದು ನಿನ್ನ ಕಬಡ್ಡಿ."

ಲಿಖಿತನಿಗೆ ಅರ್ಥವಾಗಲಿಲ್ಲ. ಬಲಗಾಲು ನೆಲ ಮುಟ್ಟಿದಾಗಲೆಲ್ಲ ಅವನ ದನಿ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲುತ್ತಿದೆ ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ಪಂದ್ಯದಲ್ಲಾದರೆ ಉಸಿರು ಬಿಟ್ಟ ಎಂದು ರೆಫರಿ ಹೊರಗೆ ಕಳಿಸುತ್ತಾನೆ.

ಇನ್ನೂ ಸ್ವಲ್ಪ ನೋವಿದೆ ಎಂದು ಲಿಖಿತ ಗೊಣಗಿದ. ಪಟ್ಟಿ ಬಿಚ್ಚಿ ಆಡು ಎಂದರೆ, ಅದೊಂದು ಮಾತ್ರ ಬೇಡ ಎಂದು ಅಂಗಲಾಚಿದ.

ಮೇಷ್ಟ್ರು ಕೈ ಚಾಚಿ ಪಟ್ಟಿಯನ್ನು ತಡವಿದರು.

"ಹೋಗ್ಲಿ ಬುಡು, ಪಟ್ಟಿ ಇರ್ಲಿ. ಎಡಗಾಲಿಗೆ ಕಟ್ಕೊ."

"ಎಡಗಾಲಿಗೆ ಏನೂ ಆಗಿಲ್ವಲ್ಲ ಮೇಷ್ಟ್ರೇ."

"ಎಂಟು ತಿಂಗ್ಳಿಂದ ನಿನ್ನ ಪೂರಾ ಭಾರ ಹೊತ್ತೈತೆ, ಪಾಪ. ಅದಕ್ಕೂ ಒಸಿ ಉಪಚಾರ ಆಗ್ಲಿ."

ಗುರುಗಳ ಮಾತು. ಲಿಖಿತ ಪಟ್ಟಿಯನ್ನು ಎಡ ಮಂಡಿಗೆ ಏರಿಸಿದ. ಮೂರು ದಿನ ಹಾಗೇ ಓಡಿದ, ಬಸ್ಕಿ ಹೊಡೆದ, ಜೊತೆಯವರ ತಮಾಷೆಯನ್ನೂ ಸಹಿಸಿಕೊಂಡ. ಪೆಟ್ಟಾದದ್ದು ಯಾವ ಕಾಲಿಗೆ ಎಂದು ಡಾಕ್ಟರ ಚೀಟಿ ನೋಡಿ ಹೇಳು ಎಂದು ಬೀರೇಶ ದಿನವೂ ಕಾಡುತ್ತಿದ್ದ.

ಗುರುವಾರ ಮೇಷ್ಟ್ರು ಮತ್ತೆ ದಾಳಿ ಮಾಡಿಸಿದರು. ಕೇಳಿದರು. ಇನ್ನೊಮ್ಮೆ ಎಂದರು. ಮತ್ತೂ ಒಮ್ಮೆ ಎಂದರು. ಆಮೇಲೆ ಹೆಗಲ ಮೇಲಿನ ಟವೆಲ್ ಜಾರಿ ಬೀಳುವ ಹಾಗೆ ನಗತೊಡಗಿದರು.

"ಲಿಖಿತ, ಇವತ್ತು ಎಡಗಾಲಲ್ಲಿ ಕುಂಟ್ತಾ ಐತಲ್ಲಪ್ಪ."

ಸಾಧ್ಯವೇ ಇಲ್ಲ ಎಂದ ಲಿಖಿತ. ಮೇಷ್ಟ್ರು ಬೀರೇಶನನ್ನು ಕರೆದು, ಲಿಖಿತನ ಕಾಲು ನೋಡುತ್ತಾ ದನಿ ಕೇಳು ಎಂದರು. ಲಿಖಿತ ಇನ್ನೊಂದು ದಾಳಿ ಮಾಡಿದ. ಬೀರೇಶ ತಲೆ ಕೆರೆದುಕೊಂಡು, ಹೌದು, ಎಡಗಾಲು ಇಟ್ಟಾಗಲೇ ದನಿ ನಿಲ್ಲುತ್ತಿದೆ ಎಂದ.

ಲಿಖಿತ ಮರಳಿನಲ್ಲಿ ಕುಸಿದು ಕೂತ. ಮೊದಲು ಸಿಟ್ಟು ಬಂತು. ಎಂಟು ತಿಂಗಳು ತಾನು ಪಟ್ಟ ಪಾಡು ಇವರಿಗೆ ನಗೆಪಾಟಲಾಯಿತಲ್ಲ ಎನಿಸಿ ಕಣ್ಣು ತುಂಬಿತು. ಆಮೇಲೆ ತನ್ನ ಎಡ ಮಂಡಿಯನ್ನು ನೋಡಿದ. ಒಂದು ಗೀರೂ ಇಲ್ಲದ ಮಂಡಿ, ಅದಕ್ಕೊಂದು ಪಟ್ಟಿ. ಅವನಿಗೂ ನಗು ತಡೆಯಲಾಗಲಿಲ್ಲ.

ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದ: "ಹಂಗಾದ್ರೆ ನನ್ನ ನೋವೆಲ್ಲ ಸುಳ್ಳಾ ಮೇಷ್ಟ್ರೇ?"

ಮೇಷ್ಟ್ರು ನಗು ನಿಲ್ಲಿಸಿದರು. ಹತ್ತಿರ ಬಂದು, ತಡಕಾಡಿ ಅವನ ಬಲ ಮಂಡಿ ಹುಡುಕಿ, ಹೊಲಿಗೆಯ ಗುರುತಿನ ಮೇಲೆ ಬೆರಳಾಡಿಸಿದರು.

"ಇದು ಸುಳ್ಳಲ್ಲ. ನೀನು ಅತ್ತಿದ್ದೂ ಸುಳ್ಳಲ್ಲ. ಕಾಲು ಯಾವತ್ತೋ ಆಸ್ಪತ್ರೆಯಿಂದ ಮನೆಗೆ ಬಂತು. ನೀನು ಇನ್ನೂ ಅಲ್ಲೇ ಮಲ್ಗಿದ್ದೀಯ."

"ಪಟ್ಟಿ ಬಿಚ್ಚಿದ್ರೆ ಭಯ ಹೋಯ್ತದಾ?"

"ಹೋಗಲ್ಲ. ಬತ್ತದೆ. ಬಂದ್ರೆ ಬರ್ಲಿ, ನೀನು ಉಸಿರು ಬುಡಬ್ಯಾಡ."

ಲಿಖಿತ ಪಟ್ಟಿ ಬಿಚ್ಚಿ ಅವರ ಕೈಗಿಟ್ಟ. ಮೇಷ್ಟ್ರು ಅದನ್ನು ಹಿಂದೆಮುಂದೆ ಎಳೆದು ನೋಡಿ, ಪಂಚೆ ಮೇಲೆತ್ತಿ ತಮ್ಮ ಮಂಡಿಗೇ ಏರಿಸಿಕೊಂಡರು. ನಾಲ್ಕು ಹೆಜ್ಜೆ ನಡೆದು, ಬಹಳ ಹಿತವಾಗಿದೆ, ಮೊದಲೇ ಯಾಕೆ ಕೊಡಲಿಲ್ಲ ಎಂದು ಬೈದರು.

ಶನಿವಾರ ಬಂತು. ಎದುರು ಏಳು ಜನ, ನಡುವೆ ಬೀರೇಶ. ಮೇಷ್ಟ್ರು ಅವನನ್ನು ಕರೆದು, ಹಿಡಿದರೆ ಬಲ ಮಂಡಿಯನ್ನೇ ಹಿಡಿ ಎಂದಿದ್ದರು. ಸ್ನೇಹಕ್ಕೆ ಕೈ ಸಡಿಲಿಸಿದರೆ ಅದೂ ತನಗೆ ಕೇಳಿಸುತ್ತದೆ ಎಂದು ಹೆದರಿಸಿದ್ದರು ಕೂಡ.

ಲಿಖಿತ ಗೆರೆ ಮುಟ್ಟಿ ನಮಸ್ಕರಿಸಿ ಒಳಗೆ ಹೋದ. ಕಬಡ್ಡಿ ಕಬಡ್ಡಿ ಕಬಡ್ಡಿ.

ನಾಲ್ಕನೇ ಹೆಜ್ಜೆಗೆ ಭಯ ಬಂತು. ದನಿ ತೆಳ್ಳಗಾಯಿತು. ಕಡಿಯಲಿಲ್ಲ.

ಕೈ ಬೀಸಿ ಮೂಲೆಯವನನ್ನು ಮುಟ್ಟಿ ತಿರುಗುವಷ್ಟರಲ್ಲಿ ಬೀರೇಶ ನೆಲಕ್ಕೆ ಹಾರಿ ಅವನ ಬಲ ಮಂಡಿಯನ್ನು ಎರಡೂ ಕೈಯಿಂದ ತಬ್ಬಿದ. ಇನ್ನಿಬ್ಬರು ಮೇಲೆ ಬಿದ್ದರು. ಲಿಖಿತ ಹೋದ ವರ್ಷ ಬಿದ್ದಂತೆಯೇ ಬಿದ್ದ.

ಆ ರಾಶಿಯ ಅಡಿಯಿಂದ, ಬಾಯಲ್ಲಿ ಮರಳು ತುಂಬಿಕೊಂಡೇ, ಕಬಡ್ಡಿ ಕಬಡ್ಡಿ ಎಂಬ ದನಿ ಬರುತ್ತಲೇ ಇತ್ತು. ಒಂದು ಕೈ ಮಾತ್ರ ಹೊರಗೆ ಚಾಚಿ ನಡುಗೆರೆಯ ಕಡೆಗೆ ಒಂದೊಂದೇ ಇಂಚು ತೆವಳಿತು. ಆಮೇಲೆ ಉಸಿರು ಮುಗಿಯಿತು.

ಎಲ್ಲರೂ ಎದ್ದು ನೋಡಿದರೆ, ಒದ್ದಾಟದಲ್ಲಿ ಗೆರೆಯೇ ಅಳಿಸಿಹೋಗಿತ್ತು. ಬೆರಳು ಮುಟ್ಟಿತು ಎಂದರು ಕೆಲವರು, ಮುಟ್ಟಲಿಲ್ಲ ಎಂದರು ಕೆಲವರು. ತಾನು ಕಣ್ಣು ಮುಚ್ಚಿಕೊಂಡಿದ್ದೆ ಎಂದ ಬೀರೇಶ.

ಲಿಖಿತ ವಾದಕ್ಕೆ ನಿಲ್ಲಲಿಲ್ಲ. ಮರಳು ಉಗಿದು, ಎಡಗಾಲೆತ್ತಿ ಪಾದಕ್ಕೆ ಮೆತ್ತಿದ್ದ ಮರಳು ಕೊಡವಿಕೊಂಡ. ಅಷ್ಟು ಹೊತ್ತೂ ಬಲಗಾಲೊಂದರ ಮೇಲೆ ನಿಂತಿದ್ದ. ಅದನ್ನು ಕಣ್ಣಿದ್ದವರೆಲ್ಲರೂ ಕಂಡರು, ಅವನೊಬ್ಬನನ್ನು ಬಿಟ್ಟು.

ಮೇಷ್ಟ್ರೇ ಹೇಳಲಿ ಎಂದು ಯಾರೋ ಕೂಗಿದರು. ಕೂಗಿದ ಮೇಲೆ ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲ ಎಂದು ನೆನಪಾಗಿ ನಾಲಗೆ ಕಚ್ಚಿಕೊಂಡರು.

ಮಾಯಿಗಯ್ಯ ಮೇಷ್ಟ್ರು ಕಲ್ಲಿನಿಂದ ಎದ್ದರು. ಮಂಡಿಯ ಪಟ್ಟಿ ಸರಿಮಾಡಿಕೊಂಡರು.

"ಗೆರೆ ನಂಗೆಲ್ಲಿ ಕಾಣ್ಬೇಕು ಕಣ್ರಪ್ಪ," ಎಂದರು. "ಹೂಂ, ಉಸಿರು ಕೇಳುಸ್ತು. ಅದು ಗೆರೆ ದಾಟಿ ಈಚೆಗೆ ಬಂತು."