ಅಜ್ಜಯ್ಯನವರ ಜರಡಿ

ತುಂಗಭದ್ರೆಯ ದಡದ ತುಪ್ಪದಗೊಂದಿಯಲ್ಲಿ ಶ್ರೀ ಚೌಡಜ್ಜಯ್ಯನವರು ನೆಲೆಸಿದ್ದುದು ಮಠದಲ್ಲಲ್ಲ, ಮಂಡಕ್ಕಿ ಭಟ್ಟಿಯಲ್ಲಿ. ಹೊಗೆ ಹಿಡಿದ ನಾಲ್ಕು ಗೋಡೆ, ಒಂದು ಒಲೆ, ಕಾದ ಮರಳು ತುಂಬಿದ ಬಾಣಲೆ, ಒಂದು ತಂತಿಯ ಜರಡಿ. ಪೂಜ್ಯರ ಸಂಸ್ಥಾನವೆಂದರೆ ಇಷ್ಟೇ. ಭಕ್ತರೊಬ್ಬರು ಬೆಳ್ಳಿಯ ಪಾದುಕೆ ತಂದಾಗ, “ಒಲೆ ಮುಂದೆ ಇದನ್ನ ಮೆಟ್ಟಿದ್ರೆ ಕಾಲು ಸುಡತೈತಪ್ಪಾ” ಎಂದು ಹಿಂದಕ್ಕೆ ಕಳುಹಿಸಿದ್ದರಂತೆ. ಬಂದವರಿಗೆ ಮೊದಲು ಒಂದು ಬೊಗಸೆ ಮಂಡಕ್ಕಿ, ಆಮೇಲೆ ಉಪದೇಶ. ಅನೇಕರಿಗೆ ಮಂಡಕ್ಕಿಯಲ್ಲೇ ಸಮಾಧಾನವಾಗಿ ಉಪದೇಶದ ಅಗತ್ಯ ಬೀಳುತ್ತಿರಲಿಲ್ಲ.

ಆ ಪುಣ್ಯಸನ್ನಿಧಿಗೆ ಒಂದು ಶ್ರಾವಣದ ಬೆಳಗ್ಗೆ ವಿದ್ವಾನ್ ಶ್ರೀಕಂಠಾರಾಧ್ಯರು ದಯಮಾಡಿಸಿದರು. ಭಕ್ತಿಯಿಂದ ಬಂದರೆಂದು ಬರೆದರೆ ಸುಳ್ಳಾದೀತು. ಸಿಟ್ಟಿನಿಂದ ಬಂದರು. ಅವರ ಹಿಂದೆ, ಹತ್ತು ಮಾರು ದೂರ ಬಿಟ್ಟು, ಅಷ್ಟೇ ಸಿಟ್ಟಿನಿಂದ ಗಮಕಿ ಸೂರಪ್ಪನವರು ಬಂದರು.

ಇಪ್ಪತ್ತು ವರ್ಷಗಳಿಂದ ಇವರಿಬ್ಬರದೂ ಎತ್ತಿನ ಜೋಡಿ. ಶ್ರಾವಣದ ಸಂಜೆಗಳಲ್ಲಿ ಸೂರಪ್ಪನವರು ಹಳೆಯ ಕಾವ್ಯದ ಪದ್ಯವನ್ನು ರಾಗವಾಗಿ ಓದಬೇಕು, ಆರಾಧ್ಯರು ಅದಕ್ಕೆ ಅರ್ಥ ಹೇಳಬೇಕು. ಮೊದಮೊದಲು ಪದ್ಯ ಒಂದು, ಅರ್ಥ ಒಂದು ಇತ್ತು. ಬರಬರುತ್ತಾ ಆರಾಧ್ಯರ ಪಾಂಡಿತ್ಯ ಬೆಳೆಯಿತು. ಆ ವರ್ಷವಂತೂ ಎರಡೇ ಸಾಲಿನ ಮೇಲೆ ಮೂರು ಸಂಜೆ ಕಳೆದಿದ್ದವು. ಗಂಡನ ಮನೆಗೆ ಹೊರಟ ಹುಡುಗಿಯ ಪ್ರಸಂಗ ಅದು:

ದೋಣಿಯೇರಿದ ಮಗಳು ತಾಯಿಯ
ಸೆರಗ ತುದಿಯನು ಬಿಡದೆ ಹಿಡಿದಳು

ಹೊಳೆಯೆಂದರೆ ಸಂಸಾರ, ದೋಣಿಯೆಂದರೆ ದೇಹ ಎಂದು ಆರಾಧ್ಯರು ಮೊದಲ ಸಂಜೆ ಸಾಧಿಸಿದರು. ಎರಡನೆಯ ಸಂಜೆ ದೋಣಿಯ ಹಲಗೆಗಳನ್ನು ಎಣಿಸಿದರು. ಕವಿ ಹಲಗೆಯ ಮಾತೇ ಎತ್ತಿರಲಿಲ್ಲ, ಆದರೂ ಒಂಬತ್ತು ಸಿಕ್ಕವು, ದೇಹಕ್ಕೆ ನವದ್ವಾರಗಳಲ್ಲವೇ! ಮೂರನೆಯ ಸಂಜೆ ಸೆರಗಿನ ನೂಲಿಗೆ ಕೈ ಹಾಕಿದರು. ಮುಂದಿನ ಸಾಲಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಹಾಲಮ್ಮನೆಂಬ ಮುದುಕಿ ದಿನವೂ ಏಳುವಾಗ, “ಹುಡುಗಿ ಗಂಡನ ಮನಿ ಸೇರಿದ್ಲಾ ಸ್ವಾಮೇರಾ?” ಎಂದು ಕೇಳುವಳು. “ತತ್ತ್ವವನ್ನು ಗಮನಿಸಮ್ಮಾ” ಎಂದು ಇವರು ಗದರುವರು. ನಾಲ್ಕನೆಯ ಸಂಜೆ ಹಾಲಮ್ಮನೊಬ್ಬಳೇ ಉಳಿದಿದ್ದಳು. ಸೂರಪ್ಪನವರು ಪುಸ್ತಕ ಮುಚ್ಚಿದರು.

“ಮೂರು ದಿನದಿಂದ ಆ ಹುಡುಗಿ ದೋಣೀಲಿ ನಿಂತೈತೆ. ಅದಕ್ಕೆ ಕಾಲು ನೋವು ಬರಲ್ವಾ? ಇನ್ನು ನಾನು ಓದೋದಿಲ್ಲ. ಬೇಕಾದ್ರೆ ಅಜ್ಜಯ್ಯನೋರೇ ಹೇಳಲಿ.”

ಓದುವವರಿಲ್ಲದೆ ಅರ್ಥ ಹೇಳುವುದೆಂದರೆ ಹೆಣ್ಣಿಲ್ಲದ ಮದುವೆಗೆ ಚಪ್ಪರ ಹಾಕಿದಂತೆ. ಸೂರಪ್ಪ ಹೋದರೆ ತಮ್ಮ ಬದುಕಿನಲ್ಲಿ ಉಳಿಯುವುದು ಬರಿಯ ಕಪಾಟು ಎಂಬುದು ಆರಾಧ್ಯರಿಗೆ ಗೊತ್ತಿತ್ತು. ಹೆಂಡತಿ ತೀರಿಕೊಂಡಿದ್ದರು, ಇದ್ದೊಬ್ಬ ಮಗಳು ಗಿರಿಜೆ ಹೊಳೆಯಾಚೆಯ ಊರಿಗೆ ಮದುವೆಯಾಗಿ ಹೋಗಿ ಆರು ವರ್ಷವಾಗಿತ್ತು. ಆದ್ದರಿಂದಲೇ ಅವರು, ಮಂಡಕ್ಕಿ ಹುರಿಯುವವರಿಗೆ ಕಾವ್ಯದ ಗಂಧವೇನು ಎಂದು ದಾರಿಯುದ್ದಕ್ಕೂ ಗೊಣಗಿದರೂ ಬಂದೇ ಬಂದಿದ್ದರು.

ಭಟ್ಟಿಯ ಬಾಗಿಲು ದಾಟಿದ ಆರಾಧ್ಯರು ನೇರವಾಗಿ ಒಲೆಯ ಬಳಿ ಹೋಗಿ ನಿಂತರು. ಅಜ್ಜಯ್ಯನವರು ತಲೆಯೆತ್ತದೆ, “ಅತ್ತಾಗೆ ಸರೀರಿ, ಬೆಂಕಿ ಐತೆ” ಎಂದರು.

ಆರಾಧ್ಯರ ಮುಖ ಅರಳಿತು. ಇಂಥದಕ್ಕೆ ಅವರು ಸದಾ ಸಿದ್ಧ. “ಕೇಳಿದಿರಾ ಸೂರಪ್ಪನವರೆ? ಬೆಂಕಿಯೆಂದರೆ ಇಲ್ಲಿ ಒಲೆಯ ಬೆಂಕಿಯಲ್ಲ, ಅದು ಕಾಮಾಗ್ನಿ. ಸರಿಯುವುದೆಂದರೆ ವೈರಾಗ್ಯ. ಇನ್ನು ಅತ್ತ ಎಂಬ ದಿಕ್ಕನ್ನು ವಿಚಾರ ಮಾಡುವುದಾದರೆ...”

“ಆರಾಧ್ಯರೇ, ಉತ್ತರೀಯ!” ಎಂದು ಸೂರಪ್ಪನವರು ಕೂಗಿದರು.

“ಉತ್ತರೀಯವೆಂದರೆ ಮಾಯೆಯ ಆವರಣ. ಸರಿಯಾಗಿ ಹಿಡಿದಿರಿ!”

ಅಷ್ಟರಲ್ಲಿ ಪೂಜ್ಯರು ಎದ್ದು, ಕೊಡದ ನೀರನ್ನು ಆರಾಧ್ಯರ ಹೆಗಲ ಮೇಲೆ ಸುರಿದರು. ಚುಂಯ್ ಎಂದಿತು. ರೇಷ್ಮೆಯಂಚಿನ ಉತ್ತರೀಯದಲ್ಲಿ ಅಂಗೈಯಗಲದ ತೂತು ಬಿದ್ದಿತ್ತು. ಸಂತರು ಆಡಿದ ಪ್ರತಿ ಮಾತಿಗೂ ಒಳಾರ್ಥ ಹುಡುಕುವ ನಮ್ಮಂಥ ಭಕ್ತರೂ ಇದನ್ನು ಆಗಾಗ ನೆನೆಯುವುದು ಒಳ್ಳೆಯದು.

ಆರಾಧ್ಯರು ತೊಯ್ದ ಬೆಕ್ಕಿನಂತೆ ಚಾಪೆಯ ಮೇಲೆ ಕುಳಿತು ಜಗಳವನ್ನೆಲ್ಲ ವರದಿ ಮಾಡಿದರು. ಹಲಗೆಗಳನ್ನೂ ಬಿಡಲಿಲ್ಲ. ಅಜ್ಜಯ್ಯನವರು ಅಕ್ಕಿಯನ್ನು ಕಾದ ಮರಳಿಗೆ ಎಸೆದು, ತಿರುವಿ, ಬೆಳ್ಳಗೆ ಅರಳಿದ್ದನ್ನು ಮೊಗೆದು, ಮರಳ ಸಮೇತವೇ ಮುತ್ತುಗದ ಎಲೆಗೆ ಸುರಿದು, ಸ್ವಲ್ಪ ಆರಿಸಿ ಮುಂದಿಟ್ಟರು. ಪ್ರಸಾದವೆಂದು ಆರಾಧ್ಯರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು.

ಕರಕರ ಸದ್ದು ಬಾಗಿಲಲ್ಲಿದ್ದ ಸೂರಪ್ಪನವರಿಗೂ ಕೇಳಿತು. “ಮರಳು!” ಎಂದು ಆರಾಧ್ಯರು ಉಗುಳಿದರು. “ಜರಡಿ ಹಿಡಿಯಲೇ ಇಲ್ಲವಲ್ಲ!”

“ಮರಳು ಕೆಟ್ಟದ್ದಲ್ಲ ಸ್ವಾಮಿ. ಅದು ಕಾಯದಿದ್ರೆ ಅಕ್ಕಿ ಅರಳಾಂಗಿಲ್ಲ,” ಎಂದರು ಪೂಜ್ಯರು. “ಆದ್ರೆ ಹಸಿದೋರಿಗೆ ಕೊಡೋ ಮುಂದೆ ಅದು ಬಾಣಲೇಲೇ ಉಳೀಬೇಕು.”

ಆರಾಧ್ಯರ ನಾಲಗೆಯ ಮೇಲೆ ಇನ್ನೂ ನಾಲ್ಕು ಹರಳು ಇದ್ದವು. ಅವನ್ನು ಬೆರಳಿಂದ ತೆಗೆದು ಎಲೆಯಂಚಿಗೆ ಒರೆಸಿದರು.

“ಸೂರಪ್ಪಾ, ಆ ಹುಡುಗೀನ ದಡ ಮುಟ್ಟಿಸಪ್ಪ,” ಎಂದರು ಅಜ್ಜಯ್ಯನವರು.

ಸೂರಪ್ಪನವರು ಒಳಗೆ ಬಂದು ಕುಳಿತು ಕಣ್ಣು ಮುಚ್ಚಿ ಎತ್ತಿಕೊಂಡರು. ಮೊದಲ ಎರಡು ಸಾಲು ಮುಗಿಯುತ್ತಲೇ ಅಭ್ಯಾಸಬಲದಿಂದ ಆರಾಧ್ಯರ ತೋರುಬೆರಳು ಮೇಲೆದ್ದಿತು, ಬಾಯಿ ತೆರೆಯಿತು. ಪೂಜ್ಯರು ಜರಡಿ ಹಿಡಿದ ಬೆಚ್ಚನೆಯ ಮಂಡಕ್ಕಿಯನ್ನು ಆ ಬಾಯಿಗೇ ತುಂಬಿದರು. ಬಾಯಿ ತುಂಬಿದವರಿಗೆ ಕೇಳುವುದೊಂದೇ ಗತಿ. ಸೂರಪ್ಪನವರು ಮುಂದುವರಿದರು:

ದೋಣಿ ಸರಿಯಲು ತಾಯಿ ತಾನೇ
ಬೆರಳನೊಂದೊಂದಾಗಿ ಬಿಡಿಸುತ
ಕಣ್ಣನೊರಸದೆ ನಗುತ ನಿಂದಳು

ಆರಾಧ್ಯರಿಗೆ ಆ ಸಾಲುಗಳು ಬಾಯಿಪಾಠ. ಬೆರಳು ಐದಾದ್ದರಿಂದ ಪಂಚೇಂದ್ರಿಯ ಎಂದು ಅವರ ಟಿಪ್ಪಣಿಯಲ್ಲಿ ಹದಿನೇಳು ಪುಟ ಇತ್ತು. ಈಗ ಮಾತ್ರ ಅವರಿಗೆ ಐದು ಬೆರಳು ಕಂಡವು. ಗಿರಿಜೆಯವು. ಅವಳು ಹೊರಟ ದಿನ ಕಿಟಕಿಯ ಸರಳು ಹಿಡಿದು, “ಅಪ್ಪಾ, ಹೋಗಿ ಬರ್ತೀನಿ” ಎಂದಿದ್ದಳು. ಒಳಗೆ ಇದೇ ಪದ್ಯದ ಟಿಪ್ಪಣಿ ಬರೆಯುತ್ತಿದ್ದ ಇವರು ತಲೆಯೆತ್ತದೆ, “ಒಂದು ನಿಮಿಷ ತಾಳು” ಎಂದಿದ್ದರು. ತಲೆಯೆತ್ತಿದಾಗ ಕಿಟಕಿಯಲ್ಲಿ ಬೆರಳಿರಲಿಲ್ಲ, ಗಾಡಿ ಊರು ದಾಟಿತ್ತು. ಅಗಿಯುತ್ತಿದ್ದ ಬಾಯಿ ನಿಂತಿತು. ಅಷ್ಟು ದೊಡ್ಡ ವಿದ್ವಾಂಸರು, ಕೆನ್ನೆಯ ತುಂಬ ಮಂಡಕ್ಕಿ ಇಟ್ಟುಕೊಂಡೇ ಗಳಗಳನೆ ಅತ್ತರು.

ಅಜ್ಜಯ್ಯನವರು ನೀರು ಕೊಟ್ಟು, “ಮಗಳು ಎಲ್ಲದಾಳೆ?” ಎಂದಷ್ಟೇ ಕೇಳಿದರು. ಮಗಳಿರುವ ಸಂಗತಿಯನ್ನು ಯಾರೂ ಅವರಿಗೆ ಹೇಳಿರಲಿಲ್ಲ.

“ಹೊಳೆಯಾಚೆ.”

“ದೋಣಿ ಮಧ್ಯಾಹ್ನಕ್ಕೈತೆ,” ಎಂದು ಪೂಜ್ಯರು ಒಂದು ಸೇರು ಮಂಡಕ್ಕಿಯನ್ನು ಜರಡಿ ಹಿಡಿದು ಗಂಟು ಕಟ್ಟಿಕೊಟ್ಟರು.

ಆರಾಧ್ಯರು ಸುಟ್ಟ ಉತ್ತರೀಯದಲ್ಲೇ ದೋಣಿ ಹತ್ತಿದರು. ಹಲಗೆ ಎಷ್ಟಿದ್ದವೆಂದು ಎಣಿಸಲಿಲ್ಲ ಎಂದು ಜೊತೆಗಿದ್ದ ಸೂರಪ್ಪನವರು ಕೊನೆಯವರೆಗೂ ಸಾಕ್ಷಿ ಹೇಳುತ್ತಿದ್ದರು. ಆಚೆಯ ಮನೆಯ ಕಟ್ಟೆಯ ಮೇಲೆ ಗಿರಿಜೆ ಏನೆಂದಳು, ಇವರೇನೆಂದರು ಎಂಬುದನ್ನು ಮಾತ್ರ ಅವರೂ ಹೇಳಲಿಲ್ಲ.

ಮುಂದಿನ ಸೋಮವಾರ ಸಂಜೆ ಮತ್ತೆ ಓದು ನಡೆಯಿತು. ಜಗಳ ನೋಡುವ ಆಸೆಗೆ ಊರೆಲ್ಲ ಸೇರಿತ್ತು. ಸೂರಪ್ಪನವರು ಐದು ಸಾಲನ್ನೂ ಓದಿ ನಿಲ್ಲಿಸಿದರು. ಆರಾಧ್ಯರು ತಮ್ಮ ಟಿಪ್ಪಣಿಯನ್ನು ಮಡಿಚಿಟ್ಟು, “ನನ್ನ ಮಗಳು ಹೊರಟಾಗ ನಾನು ಹೊರಗೆ ಬಂದಿರಲಿಲ್ಲ. ಈ ತಾಯಿ ಬಂದಿದ್ದಾಳೆ. ಇಷ್ಟೇ ಅರ್ಥ,” ಎಂದರು.

ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಮುಂದಿನ ಸಾಲಿನ ಹಾಲಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ಎರಡೂ ಕೈಯೆತ್ತಿ ಮುಗಿದಳು.

“ಸದ್ಯ, ಹುಡುಗಿ ದಡ ಮುಟ್ಟಿದ್ಲು ಬಿಡು ನಮ್ಮಪ್ಪಾ,” ಎಂದಳು.