ಹಾಸುಗಲ್ಲಿಗೆ ಮೊದಲ ಬಜ್ಜಿ

ಒಂದಾನೊಂದು ಊರಿನಲ್ಲಿ ಊರಿಗಿಂತ ಉದ್ದದ ಒಂದು ಫುಟ್‌ಪಾತ್ ಇತ್ತು. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ಕತೆ ಅಲ್ಲೇ ಕೂತುಬಿಡುತ್ತದೆ. ಆ ಊರಿನಲ್ಲಿ ಕೂರುವುದಕ್ಕೆ ಪರವಾನಗಿ ಬೇಕು.

ಆ ಫುಟ್‌ಪಾತಿನ ಮೂಲೆಯ ಹಾಸುಗಲ್ಲಿನ ಮೇಲೆ ಕೂತು ಫಕೀರವ್ವ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಅವಳ ಅವ್ವನೂ ಅದೇ ಕಲ್ಲಿನ ಮೇಲೆ ಕೂತು ಕರಿದು, ಅಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದವಳು. ಸಾಯುವ ಮುಂಚೆ ಹೇಳಿದ್ದು ಒಂದೇ ಮಾತು: "ಮೊದಲನೇ ಬಜ್ಜಿ ಕಲ್ಲಿಗೆ ಇಡವ್ವ. ನಮ್ಮನ್ನ ಹೊತ್ತಿದ್ದು ಅದು."

ಫಕೀರವ್ವ ಒಂದು ದಿನವೂ ತಪ್ಪಿಸಲಿಲ್ಲ. ಮೊದಲ ಬಜ್ಜಿ ಕಲ್ಲಿಗೆ, ಆಮೇಲೆ ಗಿರಾಕಿಗೆ. ಅದನ್ನು ಕಲ್ಲು ತಿನ್ನುತ್ತಿತ್ತೋ ಕಾಗೆ ತಿನ್ನುತ್ತಿತ್ತೋ, ಅವಳು ತಿರುಗಿ ನೋಡಿದವಳಲ್ಲ. ಕೊಟ್ಟದ್ದನ್ನು ತಿರುಗಿ ನೋಡಬಾರದು.

ಆ ಊರಿನ ರಾಜನ ಹೆಸರು ಅಂಗುಲಭೂಪ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಇದ್ದದ್ದೊಂದು ಫುಟ್‌ಪಾತ್. ಬೆಳಗಾದರೆ ಪಲ್ಲಕ್ಕಿಯಲ್ಲಿ ಬಂದು ಅದನ್ನು ನೋಡಿ ಕಣ್ಣೀರು ಹಾಕುವನು.

"ಎಷ್ಟು ಚಂದ ಐತಿ! ಇದರ ಮ್ಯಾಲ ಮಂದಿ ಇರದಿದ್ರ ಇನ್ನೂ ಚಂದ ಇರ್ತಿತ್ತು."

ಹೀಗೆಂದವನೇ ಡಂಗುರ ಸಾರಿಸಿದ: ಪರವಾನಗಿ ಇಲ್ಲದೆ ಫುಟ್‌ಪಾತಿನ ಮೇಲೆ ಯಾರೂ ಕೂರಕೂಡದು.

ಫಕೀರವ್ವ ಫುಟ್‌ಪಾತಿನ ಅಮಲ್ದಾರನ ಮುಂದೆ ಸೆರಗೊಡ್ಡಿ ನಿಂತಳು.

"ಸಾಹೇಬ್ರ, ನನಗೊಂದು ಪರವಾನಗಿ ಕೊಡ್ರಿ."

"ಕೊಡೋಣಂತ. ಎಲ್ಲಿ ಕುಂಡ್ರತಿ, ಕುಂತು ತೋರಸು."

ಕೂತಳು.

"ಪರವಾನಗಿ ಇಲ್ದ ಕುಂತಿ! ಏಳು."

ಎದ್ದಳು.

"ಎದ್ದ ಮ್ಯಾಲ ಕುಂಡ್ರೋ ಪರವಾನಗಿ ನಿನಗ್ಯಾಕ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿರಲಿಲ್ಲ.

"ಹಂಗಾರ ನಿಂತು ಕರೀತೀನ್ರಿ."

"ನೀ ನಿಂತಿ. ಒಲಿ ಕುಂತೈತಲ್ಲ?"

ಒಲೆ ಕೂತಿತ್ತು. ಇಲ್ಲವೆನ್ನುವ ಹಾಗಿರಲಿಲ್ಲ.

"ಮತ್ತ ನಾ ಏನ್ ಮಾಡ್ಲಿರಿ?"

"ನಡಿ. ನಡಿಯೋರಿಗೆ ಪರವಾನಗಿ ಬ್ಯಾಡ."

ಫಕೀರವ್ವ ನಡೆದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಒಲೆ, ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಕಾದ ಎಣ್ಣೆ. ಕೈ ಎತ್ತಿ ಕಾಣದ ಎಣ್ಣೆಗೆ ಬಜ್ಜಿ ಬಿಟ್ಟಳು, ಕೈ ಎತ್ತಿ ತೆಗೆದಳು. ಗಿರಾಕಿಗಳೂ ಹಿಂದೆ ನಡೆದರು. ತಿನ್ನುತ್ತಾ ನಡೆದರು, ಖಾರಕ್ಕೆ ಬಿಕ್ಕುತ್ತಾ ನಡೆದರು, ನೀರು ಕೇಳುತ್ತಾ ನಡೆದರು.

ಆದರೆ ಕಲ್ಲಿಗೆ ಬಜ್ಜಿ ಇಡುವುದು ಹೇಗೆ? ಇಡಬೇಕೆಂದರೆ ಬಗ್ಗಬೇಕು, ಬಗ್ಗಬೇಕೆಂದರೆ ನಿಲ್ಲಬೇಕು, ನಿಂತರೆ ಅಮಲ್ದಾರ. ಮೂಲೆ ಬಂದಾಗಲೆಲ್ಲ ಅವಳು "ತಪ್ಪಾತು ನನ್ನಪ್ಪ" ಎಂದು ಹಣೆ ಮುಟ್ಟಿಕೊಂಡು ಮುಂದೆ ಹೋಗುತ್ತಿದ್ದಳು. ಮಂಡಿ ಊದಿದವು, ಹಿಮ್ಮಡಿ ಒಡೆದವು. ಅವ್ವ ಸತ್ತ ಜಾಗದಲ್ಲಿ ತನಗೆ ಕೂರುವಷ್ಟು ನೆಲವಿಲ್ಲವಲ್ಲ ಎಂದು ನಡೆಯುತ್ತಲೇ ಅತ್ತಳು. ಅಳುವುದಕ್ಕೆ ಸದ್ಯ ಪರವಾನಗಿ ಬೇಕಿರಲಿಲ್ಲ.

ಇತ್ತ ಮೂಲೆಯ ಕಲ್ಲು ಹಸಿದಿತ್ತು. ತಾಳುವಷ್ಟು ತಾಳಿತು. ಒಂದು ದಿನ ಫಕೀರವ್ವ ಹತ್ತಿರ ಬರುತ್ತಿದ್ದಂತೆ ನೆಲದಿಂದ ಎದ್ದು ಮೈಮೇಲಿನ ಮಣ್ಣು ಕೊಡವಿಕೊಂಡಿತು.

"ಫಕೀರವ್ವ, ನೀ ನನ್ನ ಮ್ಯಾಲ ಕುಂಡ್ರು. ನಾ ನಡೀತೀನಿ."

ಅವಳು ಒಲೆ ಇಳಿಸಿ ಕೂತಳು. ಮೊದಲ ಬಜ್ಜಿ ಕಲ್ಲಿಗಿಟ್ಟಳು. ಕಲ್ಲು ತಿಂದಿತು.

"ಉಪ್ಪು ಹೆಚ್ಚಾಗೇತಲ್ಲ?"

"ಅಳಕೋಂತ ಹಿಟ್ಟು ಕಲಸೇನಪ್ಪ."

ಕಲ್ಲು ಕೊನೆಯ ಚೂರನ್ನೂ ತಿಂದಿತು. ಅವಳನ್ನು ಹೊತ್ತು ನಡೆಯಿತು.

ಅಮಲ್ದಾರ ಓಡಿ ಬಂದ. "ಕುಂತಿಯಲ್ಲ!"

"ಕುಂತೇನ್ರಿ. ಆದ್ರ ನಡ್ಯಾಕತ್ತೀನಿ."

ಅಮಲ್ದಾರ ಬಗ್ಗಿ ಕಲ್ಲಿನ ಕಾಲು ಹುಡುಕತೊಡಗಿದ. ಅಷ್ಟರಲ್ಲಿ ಪಕ್ಕದ ಕಲ್ಲು "ಅದಕ್ಕಷ್ಟ ಬಜ್ಜಿ, ನಮಗೇನ್ ಮಣ್ಣು?" ಎಂದು ಎದ್ದಿತು. ಅದರ ಪಕ್ಕದ್ದೂ ಎದ್ದಿತು. ಫುಟ್‌ಪಾತಿಗೆ ಫುಟ್‌ಪಾತೇ ಎದ್ದು ಫಕೀರವ್ವನ ಹಿಂದೆ ಊರ ಅಗಸೆ ಬಾಗಿಲು ದಾಟಿ ಹೊರಟಿತು. ಊರಿನಲ್ಲಿ ಊರಿಗಿಂತ ಉದ್ದದ ಒಂದು ಗುಂಡಿ ಉಳಿಯಿತು.

ಆ ಗುಂಡಿಗೆ ಮೊದಲು ಬಿದ್ದದ್ದು ಅರಸನ ಪಲ್ಲಕ್ಕಿ. ಅಂಗುಲಭೂಪ ಹುಟ್ಟಿದ ಮೇಲೆ ಮೊದಲ ಸಲ ನೆಲಕ್ಕೆ ಕಾಲಿಟ್ಟ. ತನ್ನ ಫುಟ್‌ಪಾತಿನ ಬೆನ್ನು ಹತ್ತಿ ನಡೆದ.

"ನಿಲ್ಲು! ನೀ ನನ್ನ ಫುಟ್‌ಪಾತ್!"

"ನಿಂತ್ರ ನಿಮ್ಮ ಅಮಲ್ದಾರ ಬಿಡೂದಿಲ್ರಿ" ಎಂದಿತು ಫುಟ್‌ಪಾತ್. ನಡೆಯಿತು.

ಹೊಲ ಕಳೆಯಿತು, ಹಳ್ಳ ಕಳೆಯಿತು, ಅರಸನ ಅಂಗಾಲಲ್ಲಿ ಬೊಬ್ಬೆ ಎದ್ದವು. ಕೊನೆಗೆ ಬಟಾಬಯಲಿನಲ್ಲಿ ಅವನು ಮಗುವಿನ ಹಾಗೆ ಕೂಗಿದ: "ಯವ್ವಾ, ಕಾಲು ಸತ್ತುವು. ಒಂದೀಟು ಕುಂಡ್ರಲೇನು?"

ಹಿಂದಿನಿಂದ ಅಮಲ್ದಾರ ಕೈಮುಗಿದು ಕೇಳಿದ: "ಮಹಾರಾಜ್ರ, ಪರವಾನಗಿ?"

ಅರಸನ ಬಳಿ ಪರವಾನಗಿ ಇರಲಿಲ್ಲ. ಅದನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ, ತನಗೂ ಕೊಟ್ಟುಕೊಂಡಿರಲಿಲ್ಲ. ಅಷ್ಟು ದೊಡ್ಡ ಅರಸ ಬಿಸಿಲಲ್ಲಿ ಒಂಟಿ ಕಾಲಿನ ಮೇಲೆ ನಿಂತು ಅತ್ತ.

ಫಕೀರವ್ವ ಅವನ ಪಾದ ನೋಡಿದಳು. ತನ್ನ ಪಾದವನ್ನೂ ನೋಡಿಕೊಂಡಳು. ಒಲೆಯನ್ನು ಆಚೆಗೆ ತಳ್ಳಿ, ತಾನು ಸ್ವಲ್ಪ ಸರಿದು ಕೂತಳು.

"ಬಾರೋ ನನ್ನಪ್ಪ. ಕಾಲು ನೋಯ್ತಾವಂದ್ರ ಕುಂಡ್ರಬೇಕು. ಇದಕ್ಕ ಯಾರನ್ನ ಕೇಳ್ತಿ?"

ಅರಸ ಕೂತ. ಮೊದಲ ಬಜ್ಜಿ ಕಲ್ಲಿಗೆ ಹೋಯಿತು, ಎರಡನೆಯದು ಅವನಿಗೆ. ಕಲ್ಲು ನಿಂತಿತು. ಹಿಂದಿನ ಕಲ್ಲುಗಳೂ ನಿಂತವು. ಫುಟ್‌ಪಾತ್ ಇಲ್ಲದೆ ಬೇಸತ್ತ ಊರು ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಬಂತು.

ಅರಸ ಬೆಳ್ಳಿಯ ತಗಡಿನಲ್ಲಿ ಪರವಾನಗಿ ಬರೆಸಿ ಫಕೀರವ್ವನಿಗೆ ಕೊಟ್ಟ. ಅವಳು ಅದನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ಮೊದಲ ಬಜ್ಜಿ ಇಟ್ಟಳು. ಕಲ್ಲು ಬಜ್ಜಿ ತಿಂದು ಪರವಾನಗಿ ಉಗುಳಿತು.

ನೀತಿ ಬೇಕೇ? ಕಲ್ಲಿಗೆ ಬಜ್ಜಿ ಕೊಡಿ. ಅದಾಗದಿದ್ದರೆ, ಕೂತವರನ್ನು ಎಬ್ಬಿಸುವ ಮೊದಲು ಬರಿಗಾಲಲ್ಲಿ ಒಂದು ಸುತ್ತು ನಡೆದು ಬನ್ನಿ. ಫುಟ್‌ಪಾತ್ ಅಲ್ಲಿ ನಿಂತಿತು, ಕತೆ ಇಲ್ಲಿ ಕೂತಿತು. ಹೂಂ ಅಂದವರು ಸರಿದು ಕೂರಿ, ಹಿಂದೆ ಯಾರೋ ನಿಂತಿದ್ದಾರೆ.